ಬೆಳ್ಳಗೆ ಬಂದ ಪಟ್ಟಿ

ಚಿಕ್ಕಸ್ವಾಮಿ ಹೊಸಕೊಪ್ಪಲಿನವನು. ಪಾಂಡವಪುರದಿಂದ ನಾಲೆ ಏರಿ ಹಿಡಿದು ಬಂದರೆ ಬಯಲಿನಲ್ಲಿ ಮೊದಲು ಕಾಣುವ ಹೊಗೆ ದೇವರಾಜುವಿನ ಆಲೆಮನೆಯದು. ಅಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವುದು ಚಿಕ್ಕಸ್ವಾಮಿಯ ಕೆಲಸ. ಅವನಿಗೆ ಗದ್ದೆಯಿತ್ತು, ಡೈರಿಗೆ ಹಾಲು ಹಾಕುವ ಹಸುಗಳಿದ್ದವು. ಆದರೂ ಯಾರಾದರೂ ಏನು ಮಾಡ್ತೀಯ ಎಂದು ಕೇಳಿದರೆ ಗದ್ದೆ ಹಸು ಎರಡನ್ನೂ ಬಿಟ್ಟು, ಬೆಲ್ಲ ಕಾಯಿಸ್ತೀನಿ ಎನ್ನುತ್ತಿದ್ದ.

ಗಾಣಕ್ಕೆ ಕಬ್ಬು ಕೊಡುವುದನ್ನು ಯಾರಿಗಾದರೂ ಕಲಿಸಬಹುದು. ಕಬ್ಬಿನ ಹಾಲು ಹಿಂಡಿ ಉಳಿದ ಸಿಪ್ಪೆಗೆ ನಮ್ಮ ಕಡೆ ರಚ್ಚು ಎನ್ನುತ್ತೇವೆ, ಅದನ್ನು ಒಣಗಿಸಿ ಒಲೆಗೆ ತಳ್ಳುವುದನ್ನೂ ಕಲಿಸಬಹುದು. ಪಾಕ ಮಾತ್ರ ಕಲಿಸಿ ಬರುವುದಲ್ಲ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದಾಗ ಹೊಂಡದ ನೀರಿನ ಹಾಗೆ ಮಬ್ಬಾಗಿರುತ್ತದೆ. ಕಾದ ಮೇಲೆ ಬೆಂಡೆ ದಂಟು ಜಜ್ಜಿ ಕಿವುಚಿದ ಲೋಳೆ ಬಿಡುತ್ತಾರೆ. ಆಗ ಹಾಲಿನೊಳಗಿನ ಕೊಳೆಯೆಲ್ಲ ಕಪ್ಪಗೆ ಕೂಡಿಕೊಂಡು ಮೇಲೆ ಬರುತ್ತದೆ. ಉದ್ದ ಹಿಡಿಯ ಜಾಲರಿಯಿಂದ ಅದನ್ನು ತೆಗೆಯಬೇಕು, ತೆಗೆದರೆ ಮತ್ತೆ ಬರುತ್ತದೆ, ಮತ್ತೆ ತೆಗೆಯಬೇಕು. ನೊರೆ ಬೆಳ್ಳಗಾದಾಗ ಒಳಗಿನದು ಶುದ್ಧವಾಯಿತು ಎಂದು ಲೆಕ್ಕ. ನೊರೆ ಬೆಳ್ಳಗಾಗುವ ಮುಂಚೆ ಅವಸರ ಮಾಡಿದವನ ಬೆಲ್ಲ ಮಸಿ ಬಣ್ಣಕ್ಕೆ ತಿರುಗುತ್ತದೆ, ಮಾರ್ಕೆಟ್ಟಿನಲ್ಲಿ ಮೂಸಿ ನೋಡುವವರಿರುವುದಿಲ್ಲ. ಚಿಕ್ಕಸ್ವಾಮಿ ಅವಸರದವನಲ್ಲ. ಒಲೆಯವರು ಬೈದುಕೊಂಡರೂ, ಕಬ್ಬಿನ ಗಾಡಿ ಹೊರಗೆ ಸಾಲು ನಿಂತರೂ, ಕೊಳೆ ನಿಲ್ಲುವವರೆಗೆ ಅವನು ಜಾಲರಿ ಕೆಳಗಿಟ್ಟದ್ದನ್ನು ನಾನು ಕಂಡಿಲ್ಲ.

ಈ ಕೆಲಸ ಕೂತು ಮಾಡುವಂಥದ್ದಲ್ಲ. ಕೊಪ್ಪರಿಗೆಯ ಪಕ್ಕದ ಇಟ್ಟಿಗೆ ಕಟ್ಟೆಯ ಮೇಲೆ ನಿಂತು, ಬಗ್ಗಿ, ಹಬೆಯೊಳಗೆ ಕಣ್ಣಿಟ್ಟು ನೋಡಬೇಕು. ಕಟ್ಟೆಗೆ ಮೆಟ್ಟು ಹಾಕಿಕೊಂಡು ಹತ್ತುವಂತಿಲ್ಲ. ಸೀಸನ್ನಿನ ಮೊದಲ ದಿನ ಪೂಜೆ ಮಾಡಿ ಕುಂಕುಮ ಇಟ್ಟ ಜಾಗ ಅದು. ಹಾಗಾಗಿ ವರ್ಷದಲ್ಲಿ ಬಹುಪಾಲು ಅವನ ಕಾಲು ಬರಿಗಾಲು, ಬೆಳಗಿನಿಂದ ಸಂಜೆಯವರೆಗೆ ಕಾದ ಇಟ್ಟಿಗೆಯ ಮೇಲೆ. ಬೂದಿ, ಮಸಿ, ಬೆಲ್ಲದ ಅಂಟು ಎಲ್ಲ ಮೆತ್ತಿಕೊಂಡು ಪಾದಕ್ಕೆ ಅದರದೇ ಒಂದು ಬಣ್ಣ ಬಂದಿತ್ತು.

ಹೋದ ವರ್ಷದ ಹಿಂದಿನ ವರ್ಷ ಆ ಕಾಲು ಊದಿಕೊಳ್ಳಲು ಶುರುವಾಯಿತು. ಸಂಜೆಯ ಹೊತ್ತಿಗೆ ಪಾದ ಹೀರೇಕಾಯಿಯ ಹಾಗಿದ್ದದ್ದು ಸೋರೆಕಾಯಿಯ ಹಾಗಾಗುತ್ತಿತ್ತು. ಬೆರಳಿಟ್ಟು ಒತ್ತಿದರೆ ಗುಂಡಿ ಬಿದ್ದು ಹಾಗೇ ಉಳಿಯುತ್ತಿತ್ತು. ಹೆಂಡತಿ ಬೆಟ್ಟಮ್ಮ ಉಪ್ಪು ಹಾಕಿದ ಬಿಸಿನೀರು ಕೊಟ್ಟಳು, ಹರಳೆಣ್ಣೆ ತಿಕ್ಕಿದಳು. ಇಳಿಯದಿದ್ದಾಗ ಪಾಂಡವಪುರದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು, ಮಾತ್ರೆ ಬರೆದರು.

ಊರಿಗೆ ಬಂದ ಮೇಲೆ ನಗೆಯೋ ನಗೆ.

"ಏನ್ ಚಿಕ್ಕಣ್ಣ, ಬೆಲ್ಲ ಕಾಯ್ಸೋನ್ಗೆ ಸಕ್ಕರೆ ಬಂದದಂತೆ? ಫ್ಯಾಕ್ಟ್ರಿಯೋರು ಬೇಕು ಅಂತ್ಲೇ ಅಂಟುಸ್ಬುಟ್ರೇನೋ!" ಎಂದ ದೇವರಾಜು.

"ನಗು ನಗು. ನಿನ್ ಬೆಲ್ಲ ತಿಂದೇ ಬಂದಿರಾದು," ಎಂದ ಚಿಕ್ಕಸ್ವಾಮಿ.

ಮಾತ್ರೆಯನ್ನು ನೆನಪಾದಾಗ ನುಂಗಿದ, ಮರೆತಾಗ ಬಿಟ್ಟ. ಬರುಬರುತ್ತಾ ಪಾದಕ್ಕೆ ಜೋಮು ಹಿಡಿದಂತೆ ಆಗತೊಡಗಿತು. ಮೊದಮೊದಲು ಇರುವೆ ಹರಿದಂತೆ ಆಗುತ್ತಿತ್ತು, ಆಮೇಲೆ ಅದೂ ನಿಂತಿತು. ಮತ್ತೆ ತೋರಿಸಿದಾಗ ಡಾಕ್ಟರು ಬೆಟ್ಟಮ್ಮನ ಎದುರಿಗೇ ಬಿಡಿಸಿ ಹೇಳಿದ್ದರು. "ಯಜಮಾನ್ರೆ, ಕಾಲಿಗೆ ರಕ್ತ ಸರಿಯಾಗಿ ಹೋಗ್ತಾ ಇಲ್ಲ. ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿ. ಈಗ ಹೋದ್ರೆ ಕಾಲು ಉಳಿಯುತ್ತೆ. ತಡ ಮಾಡಿದ್ರೆ ನಾನು ಮಾತು ಕೊಡೋದಿಲ್ಲ."

ಸೀಸನ್ನು ಮುಗಿಯಲಿ ಎಂದ ಚಿಕ್ಕಸ್ವಾಮಿ. ನಮ್ಮ ನಾಲೆ ಬಯಲಿನಲ್ಲಿ ಕಬ್ಬಿನ ಸೀಸನ್ನು ಮುಗಿಯುವುದು ಎಂಬುದೇ ಇಲ್ಲ. ಇವರದು ಮುಗಿದರೆ ಅವರದು ಕಟಾವಿಗೆ ಬಂದಿರುತ್ತದೆ.

ಆಗ ಬಂದವನು ಚಲುವರಾಜು. ಬೆಟ್ಟಮ್ಮನ ತಮ್ಮ, ಕಿಕ್ಕೇರಿಯಲ್ಲಿ ಆಟೋ ಇಟ್ಟುಕೊಂಡಿದ್ದ. ಕೆ.ಆರ್. ಪೇಟೆಯ ಯಾವುದೋ ಮೀಟಿಂಗಿಗೆ ಹೋಗಿ ಬಂದ ಮೇಲೆ ಆಟೋದ ಹಿಂದಿನ ಸೀಟಿನಲ್ಲಿ ಪ್ರಯಾಣಿಕರಿಗಿಂತ ಡಬ್ಬಿಗಳೇ ಹೆಚ್ಚಾಗಿದ್ದವು. ಮಾರುವವನು ಮೋಸಗಾರನಾಗಿರಬೇಕು ಎಂದೇನೂ ಇಲ್ಲ. ಚಲುವರಾಜು ತನ್ನ ಕಾಲಿಗೂ ಅದನ್ನೇ ಅಂಟಿಸಿಕೊಂಡು ಮಲಗುತ್ತಿದ್ದ.

"ನೋಡ್ ಬಾವ, ಇದು ಪಾದದ ಪಟ್ಟಿ," ಎಂದು ಅಂಗೈ ಅಗಲದ ಬಿಳೀ ಚೌಕವೊಂದನ್ನು ತೆಗೆದ. ನಡುವೆ ಏನೋ ಪುಡಿ ತುಂಬಿದ ಸಣ್ಣ ಚೀಲ, ಸುತ್ತ ಅಂಟು. "ಮಲಗೋವಾಗ ಅಂಗಾಲ್ಗೆ ಅಂಟುಸ್ಕೊ. ಬೆಳಗ್ಗೆ ಕಿತ್ತು ನೋಡು. ಊತ ಎಲ್ಲಿಂದ ಬಂದದೆ? ಮೈಯಾಗಿನ ಕೆಟ್ಟದ್ದು ಎಲ್ಲ ಇಳ್ದು ಇಳ್ದು ಕಾಲ್ಗೆ ಬಂದ್ ನಿಂತದೆ. ಇದು ಹೀರ್ಕೊಂಡ್ಬುಡ್ತದೆ."

"ಲೇ ಚಲುವ, ಆಟೋ ಓಡ್ಸೋನ್ಗೆ ಡಾಕ್ಟ್ರಿಕೆ ಯಾವಾಗ ಬಂತ್ಲಾ?"

"ನನ್ ಮಾತು ಬುಡು. ಪಟ್ಟಿನೇ ಯೋಳ್ತದೆ."

ಬೆಟ್ಟಮ್ಮ ಒಳಗಿನಿಂದ, "ಮೈಸೂರ್ಗೋಗು ಅಂದ್ರೆ ಓಗಕಿಲ್ಲ, ಇದನ್ನ ಅಂಟುಸ್ಕೊತೀಯ. ಅಂಟುಸ್ಕೊ," ಎಂದಳು. ಅದು ಬೈಗುಳವೋ ಒಪ್ಪಿಗೆಯೋ, ಗಂಡಸರಿಬ್ಬರೂ ವಿಚಾರಿಸಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಸ್ವಾಮಿ ಜಗುಲಿಯ ಮೇಲೆ ಕೂತು ಎರಡೂ ಪಟ್ಟಿ ಕಿತ್ತ. ಬಿಳಿಯಿದ್ದದ್ದು ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಹೊಡೆಯುತ್ತಾ ಬಂದಿತ್ತು. ಅವನು ಅದನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ತಿಕ್ಕಿದ, ಮೂಗಿನ ಹತ್ತಿರ ತಂದ. ಆಲೆಮನೆಯಲ್ಲಿ ಅವನು ದಿನವೂ ಮಾಡುತ್ತಿದ್ದುದು ಇದನ್ನೇ.

"ಅಮ್ಮಿ, ಬಾ ಇಲ್ಲಿ. ಕೊಳೆ ನೋಡು ಎಂಗ್ ಬಂದದೆ!"

ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಪ್ಪು ಹೊರಗೆ ಬಂತು ಎಂದರೆ ಒಳಗೆ ತಿಳಿಯಾಗುತ್ತಿದೆ, ಅಷ್ಟೇ. ಓದಿದವನಾಗಿದ್ದರೆ ಪುಡಿಯಲ್ಲಿ ಏನಿದೆ ಎಂದು ಕೇಳುತ್ತಿದ್ದನೇನೋ, ಓದದೇ ಇದ್ದವನು ನಗಾಡಿ ಬಿಸಾಕುತ್ತಿದ್ದನೇನೋ. ಬೆಲ್ಲ ಕಾಯಿಸುವವನು ನಂಬಿಬಿಟ್ಟ. ಬೆಳಗಿನ ಹೊತ್ತು ಊತವೂ ಒಂದಿಷ್ಟು ಇಳಿದಿರುತ್ತಿತ್ತು. ಕಾಲು ಚಾಚಿ ಮಲಗಿ ಎದ್ದ ಯಾರಿಗಾದರೂ ಅಷ್ಟು ಇಳಿಯುತ್ತದೆ. ಅವನು ಅದನ್ನು ಪಟ್ಟಿಯ ಖಾತೆಗೆ ಹಾಕಿದ.

ಆಲೆಮನೆಯಲ್ಲಿ ಇದೇ ಮಾತಾಯಿತು. ಕಪ್ಪು ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತಂದು ತೋರಿಸುತ್ತಿದ್ದ. ದೇವರಾಜು ಮೂಗು ಮುಚ್ಚಿಕೊಂಡು, "ಥೂ, ತಗೊಂಡೋಗಣ್ಣ ಅತ್ಲಾಗೆ. ಗಿರಾಕಿ ನೋಡುದ್ರೆ ಬೆಲ್ಲಕ್ಕೆ ಇದ್ನೇ ಹಾಕ್ತಾವ್ರೆ ಅಂದ್ಕೊಂಡಾರು," ಎಂದ. ಆಮೇಲೆ ನಗು ನಿಲ್ಲಿಸಿ, "ಮೈಸೂರ್ಗೆ ಓಗಿ ಬಂದ್ಬುಡು. ನಾಕ್ ದಿನ ಆಲೆ ನಿಂತ್ರೂ ನಿಂತ್ಕೊಳ್ಲಿ," ಎಂದ.

"ಕೊಳೆ ಪೂರ್ತಾ ಬಂದ್ಬುಡ್ಲಿ ದೇವರಾಜಪ್ಪ. ಪಟ್ಟಿ ಬೆಳ್ಳಗೆ ಬಂದ್ ದಿನ ಓಯ್ತೀನಿ. ಅರ್ಧಕ್ಕೆ ಒಲೆ ಆರ್ಸಕ್ಕಾಯ್ತದಾ?"

ಹೀಗೆ ಒಂದು ಡಬ್ಬಿ ಮುಗಿಯಿತು, ಇನ್ನೊಂದು ಬಂತು. ಪಟ್ಟಿ ಪ್ರತಿದಿನ ಕಪ್ಪಗೇ ಬರುತ್ತಿತ್ತು. ಸಂಜೆ ಊತ ಪ್ರತಿದಿನ ಮೊಣಕಾಲಿನ ಕಡೆಗೆ ಏರುತ್ತಿತ್ತು. ಅವನ ಕಣ್ಣು ಪಟ್ಟಿಯ ಮೇಲಿತ್ತೇ ಹೊರತು ಕಾಲಿನ ಮೇಲಿರಲಿಲ್ಲ.

ಒಂದು ಬೆಳಿಗ್ಗೆ ಬೆಟ್ಟಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಗೂಡಿನಲ್ಲಿಟ್ಟಿದ್ದ ಡಬ್ಬಿಯನ್ನು ಬೆಕ್ಕು ಕೆಡವಿತು, ಹೊಸ ಪಟ್ಟಿಯೊಂದು ಬಚ್ಚಲ ಕಲ್ಲಿನ ಮೇಲೆ ಬಿತ್ತು. ಅವಳು ಕ್ಯಾನು ಬೋರಲು ಹಾಕಿ ಬರುವಷ್ಟರಲ್ಲಿ ಅದು ಕಪ್ಪಾಗಿತ್ತು. ಯಾರ ಕಾಲಿಗೂ ಅಂಟದೆ, ಬರೀ ಒದ್ದೆಗೆ. ಅವಳು ಅದನ್ನು ಎತ್ತಿಕೊಂಡು ಬಂದಳು. ಗಂಡನ ಮುಂದೆ ಹಿಡಿದಳು.

"ಇದು ನಿನ್ ಕಾಲ್ ಕೊಳೆ ಅಲ್ಲ ಕಣ. ನೀರ್ ಬಿದ್ರೆ ಕಪ್ಪಾಯ್ತದೆ. ಕಾಲು ಬೆವರ್ತದೆ, ಅದ್ಕೆ ಕಪ್ಪಾಗದು."

"ಬಚ್ಚಲ್ ಕಲ್ಲಿನ್ ಮ್ಯಾಲೆ ಬಿದ್ರೆ ಕಪ್ಪಾಗ್ದೆ ಬೆಳ್ಳಗಾದಾತಾ? ಅಲ್ಲಿರಾದೇ ಕೊಳೆ."

ಅವಳು ಕುಡಿಯುವ ನೀರಿನ ಚೊಂಬು ತಂದಳು. ಇನ್ನೊಂದು ಪಟ್ಟಿ ಬಿಡಿಸಿ, ಅವನ ಕಣ್ಣೆದುರಿಗೆ ನಾಲ್ಕು ಹನಿ ಬಿಟ್ಟಳು. ಹನಿ ಬಿದ್ದಲ್ಲೆಲ್ಲ ಮೊದಲು ಕಂದು, ಆಮೇಲೆ ಕಪ್ಪು. ಚಿಕ್ಕಸ್ವಾಮಿ ನೋಡಿದ. ಬಹಳ ಹೊತ್ತು ನೋಡಿದ.

"ನಾಲೆ ನೀರು. ಅದ್ರಲ್ಲೇನ್ ಕೊಳೆ ಕಮ್ಮಿ ಇರ್ತದಾ?" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಆಲೆಮನೆಗೆ ನಡೆದ.

ಅಂದಿನಿಂದ ಬೆಟ್ಟಮ್ಮ ಈ ಮಾತು ಎತ್ತಲಿಲ್ಲ. ಹೇಳಿ ಹೇಳಿ ಬಾಯಿ ಬತ್ತಿದ ಮೇಲೆ ಮನುಷ್ಯರ ಮನಸ್ಸು ಒಂದು ಥರ ಮರಗಟ್ಟುತ್ತದೆ. ಅವಳಿಗೂ ಹಾಗಾಯಿತು. ಪಟ್ಟಿ ತಂದುಕೊಡು ಎಂದರೆ ತಂದುಕೊಟ್ಟಳು. ಕಿತ್ತದ್ದನ್ನು ಗುಡಿಸಿ ತಿಪ್ಪೆಗೆ ಹಾಕಿದಳು. ಅವನೂ ಅವಳ ಎದುರು ಪಟ್ಟಿಯನ್ನು ಬೆಳಕಿಗೆ ಹಿಡಿಯುವುದನ್ನು ಬಿಟ್ಟ. ಮನೆಯಲ್ಲಿ ಹಾಲು, ಹುಲ್ಲು, ಮುದ್ದೆ, ಸಾರು ಇವುಗಳ ಮಾತಷ್ಟೇ ನಡೆಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಚಿಕ್ಕಸ್ವಾಮಿ ಜಗುಲಿಯಿಂದ ಕೂಗಿದ. ಆ ದನಿ ಬಹಳ ದಿನದಿಂದ ಕೇಳಿರಲಿಲ್ಲ.

"ಅಮ್ಮೀ! ಬೆಳ್ಳಗೆ ಬಂತು ಕಣಮ್ಮಿ!"

ಅವಳು ಸೆಗಣಿ ಕೈಯಲ್ಲೇ ಬಂದಳು. ಅವನ ಎಡಗೈಯಲ್ಲಿ ಎಡಗಾಲಿನ ಪಟ್ಟಿ ಎಂದಿನಂತೆ ಕಪ್ಪಗಿತ್ತು. ಬಲಗೈಯಲ್ಲಿ ಬಲಗಾಲಿನದು. ಅಂಟಿಸಿದಾಗ ಹೇಗಿತ್ತೋ ಹಾಗೇ, ಗರಿಗರಿಯಾಗಿ, ಬೆಳ್ಳಗೆ.

"ಒಂದ್ ಕಾಲು ಮುಗೀತು. ನಾ ಯೋಳ್ನಿಲ್ವಾ? ನೀರ್ ಬುಟ್ಟು ತೋರುಸ್ತಾಳೆ ನಂಗೆ, ನೀರ್ ಬುಟ್ಟು! ಇನ್ನ ಎಡಗಾಲೊಂದು ತಿಳಿಯಾದ್ರೆ ಆಯ್ತು. ಕಾಪಿ ತತ್ತಾ."

ಬೆಟ್ಟಮ್ಮ ಕಾಫಿ ತರಲು ಹೋಗಲಿಲ್ಲ. ಪಟ್ಟಿ ಕಪ್ಪಾಗುವುದು ಒದ್ದೆಗೆ ಎಂದು ಅವಳು ಕಣ್ಣಾರೆ ಕಂಡಿದ್ದಳು. ಆ ಕಾಲಿನಲ್ಲಿ ಒದ್ದೆಯೇ ಇಲ್ಲ ಎಂದರೆ ಬೆವರಿಲ್ಲ. ಒಲೆಯ ಮುಂದೆ ನಿಂತು ಬಂದವನ ಅಂಗಾಲಿನಲ್ಲಿ ಬೆವರಿಲ್ಲ ಎಂದರೇನು? ಕೈ ತೊಳೆದು ಬಂದು ಬಲಪಾದದ ಮೇಲೆ ಅಂಗೈ ಇಟ್ಟಳು. ಬಚ್ಚಲ ಕಲ್ಲಿನಷ್ಟು ತಣ್ಣಗಿತ್ತು. ಕೈಗೆ ಕಾಗದ ಮುಟ್ಟಿದ ಹಾಗಾಯಿತು.

ಬಿಸಿನೀರು ತಂದು ಪಾದವನ್ನು ಬೋಗುಣಿಯಲ್ಲಿಟ್ಟು ತೊಳೆಯತೊಡಗಿದಳು. ಅವನು ಬೇಡ ಎನ್ನಲಿಲ್ಲ, ಗೆದ್ದವನ ಗತ್ತಿನಲ್ಲಿ ಕಾಲು ಕೊಟ್ಟು ಕೂತ. ಆಲೆಮನೆಯ ಮಸಿ ಕರಗಿ ನೀರು ಕಪ್ಪಾಯಿತು. ಚೆಲ್ಲಿ ಬೇರೆ ನೀರು ತಂದಳು, ತೆಂಗಿನ ನಾರಿನಿಂದ ತಿಕ್ಕಿದಳು. ಹಿಮ್ಮಡಿ ಬಿಳಿಚಿಕೊಂಡು ಬಂತು, ಪಾದದ ಮೇಲ್ಭಾಗ ಬಂತು, ಹೆಬ್ಬೆರಳು ಬಂತು. ಕಿರುಬೆರಳು ಮಾತ್ರ ಹಾಗೇ ಇತ್ತು. ಸೋಪು ಹಾಕಿ ತಿಕ್ಕಿದಳು. ಅದು ಮಸಿಯಾಗಿರಲಿಲ್ಲ. ಬೆರಳೇ ಕಪ್ಪಾಗಿತ್ತು, ಪಕ್ಕದ ಬೆರಳಿನ ಬುಡಕ್ಕೂ ಕಪ್ಪು ಇಳಿದಿತ್ತು.

ಅವಳು ಎದ್ದು ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದಳು. "ಅತ್ಲಾಗ್ ತಿರುಗ್ಕೊ," ಎಂದಳು.

"ಯಾಕ್ಲೇ? ಏನಾಟ ಇದು?"

"ತಿರುಗ್ಕೊ ಅಂದೆ."

ಅವನು ಬೀದಿ ಕಡೆ ಮುಖ ತಿರುಗಿಸಿದ. ಅವಳು ಕಡ್ಡಿಯ ಚೂಪು ತುದಿಯಿಂದ ಅಂಗಾಲಿಗೆ ಚುಚ್ಚಿದಳು. ಮತ್ತೆ ಚುಚ್ಚಿದಳು, ಕಡ್ಡಿ ಬಾಗುವಷ್ಟು.

"ಶುರು ಮಾಡು ಮತ್ತೆ, ಏನ್ಮಾಡ್ತೀಯ?" ಎಂದ ಅವನು, ಬೀದಿಯಲ್ಲಿ ಹೋಗುತ್ತಿದ್ದ ಟ್ರಾಕ್ಟರನ್ನು ನೋಡುತ್ತಾ.

ಟ್ರಾಕ್ಟರು ದಾಟಿದ ಮೇಲೆ ತಿರುಗಿ ನೋಡಿದ. ಕಡ್ಡಿ ಇನ್ನೂ ಅಂಗಾಲಿಗೆ ನೆಟ್ಟುಕೊಂಡಿತ್ತು. ಬೆಟ್ಟಮ್ಮನ ಕೈ ಅದರ ಮೇಲಿತ್ತು. ಅವನು ಕಡ್ಡಿ ನೋಡಿದ, ಬೆರಳು ನೋಡಿದ, ಪಕ್ಕದಲ್ಲಿ ಬಿದ್ದಿದ್ದ ಬಿಳೀ ಪಟ್ಟಿ ನೋಡಿದ. ಪಾಕ ಕೆಟ್ಟದ್ದು ತಿಳಿದಾಗಲೂ ಅವನು ಹಾಗೆಯೇ, ಕೂಗಾಡುವವನಲ್ಲ. ಆದರೆ ಕೆಟ್ಟ ಪಾಕಕ್ಕೆ ಹೊಸ ಹಾಲು ಬೆರೆಸಿ ಏನಾದರೂ ದಾರಿ ಮಾಡುತ್ತಿದ್ದ. ಇಲ್ಲಿ ಬೆರೆಸಲು ಏನೂ ಇರಲಿಲ್ಲ.

"ರಂಜಿತಂಗೆ ಫೋನ್ ಮಾಡು," ಎಂದ ಕೊನೆಗೆ.

ರಂಜಿತ ಅವರ ಮಗಳು, ಬೆಳಗೊಳಕ್ಕೆ ಕೊಟ್ಟಿದ್ದರು. ಅಳಿಯ ಕಾರು ತಂದ. ಬೆಳಗೊಳದಿಂದ ಹೊಸಕೊಪ್ಪಲಿಗೆ, ಅಲ್ಲಿಂದ ಮೈಸೂರಿಗೆ. ದಾರಿಯಲ್ಲಿ ಶ್ರೀರಂಗಪಟ್ಟಣದ ಹೊಳೆ ದಾಟುವಾಗ ರಂಜಿತ, "ಅಪ್ಪಾ, ನೋಯ್ತಾ ಐತಾ?" ಎಂದು ಕೇಳಿದಳು. "ಇಲ್ಲ ಕಣವ್ವ, ಏನೂ ಇಲ್ಲ," ಎಂದ. ನಿಜವನ್ನೇ ಹೇಳಿದ್ದ. ರಂಜಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಮೊದಲು ಬೆರಳು ಎಂದರು. ಪರೀಕ್ಷೆಗಳಾದ ಮೇಲೆ ಪಾದ ಎಂದರು. ಇನ್ನೆರಡು ದಿನಕ್ಕೆ ದೊಡ್ಡ ಡಾಕ್ಟರು ಬಂದು ಮಂಚದ ಪಕ್ಕ ಕೂತು, ಮೊಣಕಾಲಿನ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ವಿಷ ಮೈಗೆ ಏರುತ್ತದೆ ಎಂದರು. ಒಳ್ಳೆಯ ಮನುಷ್ಯ, ಮೆತ್ತಗೆ ಹೇಳಿದರು. ಚಿಕ್ಕಸ್ವಾಮಿ ಅವರ ಬಾಯಿಯನ್ನೇ ನೋಡುತ್ತಿದ್ದು, "ಯಾವತ್ತು?" ಎಂದು ಮಾತ್ರ ಕೇಳಿದ. ಸಹಿ ಬೆಟ್ಟಮ್ಮ ಹಾಕಿದಳು. ಪೆನ್ನು ವಾಪಸು ಕೊಟ್ಟು, ಹಸುಗಳಿಗೆ ಯಾರು ಹುಲ್ಲು ಹಾಕಿದರೋ ಎಂದಳು.

ಆಪರೇಷನ್ ಆದ ಮೇಲೆ ಚಲುವರಾಜು ಎಳನೀರಿನ ಗೊನೆ ಹೊತ್ತು ಬಂದ. ಮಂಚದ ಮೇಲಿನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿರುವುದನ್ನು ನೋಡಿ ಬಾಗಿಲಲ್ಲೇ ನಿಂತ.

"ಬಾ ಕುಂತ್ಕೊ," ಎಂದ ಚಿಕ್ಕಸ್ವಾಮಿ.

"ಬಾವ, ನಾನು... ನಂಗೊತ್ತಿರ್ನಿಲ್ಲ ಬಾವ. ದೇವ್ರಾಣೆ."

"ನೀನೇನ್ಲಾ ಮಾಡ್ದೆ. ತಂದ್ಕೊಟ್ಟೆ. ಅಂಟುಸ್ಕೊಂಡೋನು ನಾನು."

"ಬೈದ್ಬುಡು ಬಾವ. ಎರಡೇಟು ಹಾಕ್ಬುಡು."

"ಎದ್ದು ಬಂದು ಹಾಕ್ಬೇಕಲ್ಲ," ಎಂದ ಚಿಕ್ಕಸ್ವಾಮಿ. ಪಕ್ಕದ ಮಂಚದವನು ನಕ್ಕ. ಇವರ ಕಡೆಯವರು ಯಾರೂ ನಗಲಿಲ್ಲ. ಚಲುವರಾಜು ಎಳನೀರು ಕೆತ್ತಲು ಮಚ್ಚು ತಂದಿರಲಿಲ್ಲ. ಗೊನೆಯನ್ನು ಮಂಚದ ಕೆಳಗೆ ತಳ್ಳಿ, ಅಕ್ಕನ ಮುಖ ನೋಡಲಾರದೆ ಹೊರಟುಹೋದ. ಮತ್ತೆ ಪಟ್ಟಿಯ ವ್ಯಾಪಾರ ಮಾಡಲಿಲ್ಲ ಎಂದು ಕೇಳಿದ್ದೇನೆ.

ಹೊಸಕೊಪ್ಪಲಿಗೆ ಬಂದದ್ದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ದೇವರಾಜು ನಾಗಮಂಗಲದ ದೇವಲಾಪುರದ ಕಡೆಯವನೊಬ್ಬನನ್ನು ಪಾಕಕ್ಕೆ ಇಟ್ಟುಕೊಂಡಿದ್ದ. ಹೇಳಿಕೊಳ್ಳುವಂಥ ಕೈಯಲ್ಲ. ದೇವರಾಜು ತಾನೇ ಮನೆಗೆ ಬಂದು, "ಚಿಕ್ಕಣ್ಣ, ನೀ ಬಂದು ಕುರ್ಚಿ ಮ್ಯಾಲೆ ಕುಂತ್ಕೊ. ಕಣ್ಣಲ್ ನೋಡಿ ಬಾಯಲ್ ಯೋಳು, ಅವ್ನು ಮಾಡ್ತಾನೆ. ಸಂಬಳ ಮೊದ್ಲಂಗೇ," ಎಂದ. ಕಾರಿನಲ್ಲಿ ಕರೆದುಕೊಂಡೂ ಹೋದ.

ಚಿಕ್ಕಸ್ವಾಮಿ ಕುರ್ಚಿಯ ಮೇಲೆ ಕೂತ. ಕಟ್ಟೆಯ ಎತ್ತರಕ್ಕೆ, ಕೂತವನ ಕಣ್ಣಿಗೆ ಕೊಪ್ಪರಿಗೆಯ ಅಂಚು ಕಾಣುತ್ತಿತ್ತು, ಅಂಚಿನ ಮೇಲೆ ಹಬೆ ಕಾಣುತ್ತಿತ್ತು. ಒಳಗಿನದು ಕಾಣುತ್ತಿರಲಿಲ್ಲ. ದೇವಲಾಪುರದವನು ಕಟ್ಟೆಯ ಮೇಲಿಂದ, "ಜಾಲರಿ ಕೆಳಗಿಡ್ಲಾ ಯಜಮಾನ? ಬೆಳ್ಳಗಾಯ್ತು ಅನ್ಸ್ತದೆ," ಎಂದು ಕೇಳಿದ.

"ನಿಂಗ್ ಕಾಣ್ತಾ ಐತಲ್ಲ, ನೀನೇ ನೋಡು," ಎಂದ ಚಿಕ್ಕಸ್ವಾಮಿ. ಸ್ವಲ್ಪ ಹೊತ್ತಾದ ಮೇಲೆ ಮನೆಗೆ ಬಿಟ್ಟುಬಿಡಿ ಎಂದ. ಆಮೇಲೆ ಕರೆದರೂ ಹೋಗಲಿಲ್ಲ. ದೇವರಾಜುವೂ ಕರೆಯುವುದನ್ನು ನಿಲ್ಲಿಸಿದ.

ಈಗ ಅವನು ಜಗುಲಿಯ ಮೇಲಿರುತ್ತಾನೆ. ಮಾತ್ರೆಯನ್ನು ಮರೆಯದೆ ನುಂಗುತ್ತಾನೆ. ಮಾತಾಡಿಸಿದರೆ ಮಾತಾಡುತ್ತಾನೆ, ದುಃಖ ಎನ್ನುವ ಹಾಗಿಲ್ಲ, ಸಿಟ್ಟು ಎನ್ನುವ ಹಾಗೂ ಇಲ್ಲ. ಇಲ್ಲದ ಕಾಲಿನ ಕಿರುಬೆರಳು ಒಂದೊಂದು ಸಲ ಚುರುಗುಟ್ಟುತ್ತದೆಯಂತೆ. ಇದ್ದಾಗ ಇಲ್ಲದ ನೋವು ಈಗ ಎಲ್ಲಿಂದ ಬಂತೋ ಎಂದು ನನ್ನನ್ನು ಕೇಳಿದ.

ಡಾಕ್ಟರು ಬೆಟ್ಟಮ್ಮನಿಗೆ ಹೇಳಿ ಕಳಿಸಿದ್ದರು, ಉಳಿದ ಕಾಲನ್ನು ದಿನವೂ ಮುಟ್ಟಿ ನೋಡು, ಬೆರಳ ಸಂದು ನೋಡು, ಬಣ್ಣ ನೋಡು ಎಂದು. ಹಾಲು ಕರೆದು ಡೈರಿಗೆ ಹಾಕಿ ಬಂದ ಕೂಡಲೇ ಅವಳು ಜಗುಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾಳೆ. ಅವನು ಎಡಗಾಲು ಚಾಚುತ್ತಾನೆ. ಅವಳು ಅಂಗಾಲಿಗೆ ಅಂಗೈ ಒತ್ತುತ್ತಾಳೆ.

"ಬೆವರೈತಾ?"

"ಐತೆ."

ಮೊನ್ನೆ ನಾನು ಹೋದಾಗಲೂ ಇದೇ ನಡೆಯುತ್ತಿತ್ತು. ಅವಳು ಐತೆ ಎಂದಳು. ಆಮೇಲೆ ಏನೋ ಅನುಮಾನ ಬಂದವಳಂತೆ ತನ್ನ ಕೈ ನೋಡಿಕೊಂಡಳು. ಆಗ ತಾನೇ ಕ್ಯಾನು ತೊಳೆದು ಬಂದ ಕೈ, ಇನ್ನೂ ಒದ್ದೆಯಿತ್ತು. ಸೆರಗಿಗೆ ಎರಡೂ ಕಡೆ ಚೆನ್ನಾಗಿ ಒರೆಸಿಕೊಂಡು ಮತ್ತೆ ಅಂಗಾಲಿನ ಮೇಲಿಟ್ಟಳು. ಚಿಕ್ಕಸ್ವಾಮಿ ಅವಳ ಮುಖ ನೋಡುತ್ತಾ ಕಾದ.